ಹಳೆಯ ಬಾಕ್ಸಿಂಗ್ ಚಾಂಪಿಯನ್‌ಗಳ ಮಾತುಗಳಿಂದ ಅಭ್ಯಾಸಕ್ಕೆ ಏನಾದರೂ ಸಿಗುತ್ತದೆಯೇ?

ಆ ಮಾತುಗಳು ಗೋಡೆಗೆ ಅಂಟಿಸಲು ಚೆನ್ನ, ರಿಂಗ್‌ನಲ್ಲಿ ಅವುಗಳಿಂದ ಏನು ಪ್ರಯೋಜನ ಎಂದು ಕೇಳಿದ್ದೀರಿ. ಬಹಳವೇ ಇದೆ. ನನ್ನ ಮಟ್ಟಿಗೆ ಅವು ಕಾಲು, ಮಂಡಿಗಳಿಗೆ ಹೇಳಿದ ಪಾಠ.

ಹೆವಿವೇಟ್ ವಿಶ್ವ ಚಾಂಪಿಯನ್ ಜೋ ಲೂಯಿಸ್ ಮಾತನ್ನೇ ನೋಡಿ. 1946ರ ಜೂನ್‌ನಲ್ಲಿ ಬಿಲ್ಲಿ ಕಾನ್ ಜೊತೆ ಎರಡನೇ ಪಂದ್ಯ. ಕಾನ್ ಬಲು ಚುರುಕು. ಅದಕ್ಕೆ ಪಂದ್ಯಕ್ಕೆ ಮೊದಲೇ ಲೂಯಿಸ್, "ಓಡಬಹುದು, ಅಡಗಿಕೊಳ್ಳೋಕಾಗಲ್ಲ" ಎಂದರು. 8ನೇ ಸುತ್ತಿನಲ್ಲಿ ಕಾನ್ ನಾಕೌಟ್ ಆದರು. ಈ ಮಾತಿನ ಹಿಂದಿರುವುದು ಎದುರಾಳಿಯ ದಾರಿ ಕಟ್ಟುವ ವಿದ್ಯೆ. ಹೊಸಬರು ಅವನ ಬೆನ್ನು ಹತ್ತಿ ವೃತ್ತಾಕಾರವಾಗಿ ಸುತ್ತುತ್ತಾರೆ, ಸುಸ್ತಾಗುತ್ತಾರೆ. ನೀವು ರಿಂಗ್‌ನ ಮಧ್ಯ ಬಿಡಬೇಡಿ. ಹಗ್ಗದ ಬದಿಯಲ್ಲಿ ಸುತ್ತುವವನಿಗೆ ನಿಮಗಿಂತ ಹೆಚ್ಚು ದೂರ ನಡೆಯಬೇಕಾಗುತ್ತದೆ. ಅವನು ನಿಮ್ಮ ಎಡಕ್ಕೆ ಹೊರಟರೆ ಎಡಗಾಲನ್ನು ಓರೆಯಾಗಿ ಮುಂದಕ್ಕೆ, ಎಡಕ್ಕೆ ಇಡಿ, ಅಷ್ಟೇ ಅಳತೆಗೆ ಬಲಗಾಲು ತನ್ನಿ. ಬಲಕ್ಕೆ ಹೊರಟರೆ ಬಲಗಾಲು ಮೊದಲು. ಹೆಜ್ಜೆ ಅರ್ಧ ಅಡಿಯಿಂದ ಒಂದಡಿ ಸಾಕು. ಕಾಲು ಕತ್ತರಿಯಂತೆ ಒಂದಕ್ಕೊಂದು ಅಡ್ಡವಾದ ಕ್ಷಣ ಸಣ್ಣ ಗುದ್ದಿಗೂ ಉರುಳುತ್ತೀರಿ. ಎಡಕ್ಕೆ ಓಡುವವನಿಗೆ ಎಡಗೈ ಹುಕ್ (ಪಕ್ಕದಿಂದ ಬೀಸುವ ಗುದ್ದು), ಬಲಕ್ಕೆ ಓಡುವವನಿಗೆ ಬಲಗೈ: ಅವನೇ ಬಂದು ಗುದ್ದಿಗೆ ಸಿಗುತ್ತಾನೆ. ಜೊತೆಗಾರನೊಂದಿಗೆ 3 ನಿಮಿಷದ ಒಂದು ಸುತ್ತು, ಗುದ್ದೇ ಇಲ್ಲದೆ, ಬರೀ ಕಾಲಿನಿಂದ ಅವನನ್ನು ಮೂಲೆಗೆ ತಳ್ಳಿ ನೋಡಿ. ರಿಂಗ್ ಇಲ್ಲದಿದ್ದರೆ ನೆಲದ ಮೇಲೆ 16 ಅಡಿಯ ಚೌಕ ಬರೆದುಕೊಳ್ಳಿ.

ಇನ್ನೊಂದು ಜಾಕ್ ಡೆಂಪ್ಸಿಯವರದು. 1926ರಲ್ಲಿ ಫಿಲಡೆಲ್ಫಿಯಾದಲ್ಲಿ ಜೀನ್ ಟನ್ನಿಗೆ ಸೋತು ಹೆವಿವೇಟ್ ವಿಶ್ವಪಟ್ಟ ಬಿಟ್ಟುಕೊಟ್ಟ ಮೇಲೆ ಹೆಂಡತಿಗೆ ಹೇಳಿದ್ದು: "ಚಿನ್ನಾ, ಬಗ್ಗೋದು ಮರೆತುಬಿಟ್ಟೆ." ಅವರು ಮೂರು ವರ್ಷ ಪಟ್ಟದ ಪಂದ್ಯವನ್ನೇ ಆಡಿರಲಿಲ್ಲ. ತಲೆ ತಪ್ಪಿಸುವುದು ಮೊದಲು ತುಕ್ಕು ಹಿಡಿಯುವ ಅಭ್ಯಾಸ. ಗೋಡೆಯಿಂದ ಗೋಡೆಗೆ ಭುಜದ ಎತ್ತರಕ್ಕೆ ಹುರಿ ಕಟ್ಟಿ, ಅದರಡಿ ಎಡಕ್ಕೂ ಬಲಕ್ಕೂ ತೂರುತ್ತ ಮುಂದೆ ಸಾಗಿ. 3 ನಿಮಿಷದ 3 ಸುತ್ತು ಮಾಡಿ. ಬಗ್ಗಬೇಕಾದ್ದು ಮಂಡಿ, ಸೊಂಟವಲ್ಲ. ಸೊಂಟ ಬಗ್ಗಿದರೆ ಕಣ್ಣು ನೆಲಕ್ಕೆ ಬೀಳುತ್ತದೆ, ಕೆಳಗಿನಿಂದ ಬರುವ ಅಪ್ಪರ್‌ಕಟ್ ಕಾಣುವುದೇ ಇಲ್ಲ. ನೋಟ ಎದುರಾಳಿಯ ಎದೆಯ ಮೇಲಿರಲಿ.

ಮುಹಮ್ಮದ್ ಅಲಿಯವರ "ಚಿಟ್ಟೆಯಂತೆ ತೇಲು, ಜೇನಿನಂತೆ ಕುಟುಕು" ಎಂಬ ಮಾತು ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿಕೊಟ್ಟದ್ದು ರಿಂಗ್‌ನ ಮೂಲೆಯಲ್ಲಿ ಅವರ ಸಹಾಯಕರಾಗಿದ್ದ ಬಂಡಿನಿ ಬ್ರೌನ್ ಎಂಬುದನ್ನೂ ನೆನಪಿಡಬೇಕು.

ಕೊನೆಯದಾಗಿ ಮತ್ತೆ ಕಾನ್. 1941ರ ಮೊದಲ ಪಂದ್ಯದಲ್ಲಿ ಸುಮಾರು 25 ಪೌಂಡ್ ಹಗುರವಾಗಿದ್ದೂ, 12 ಸುತ್ತು ಮುಗಿದಾಗ ಮೂರರಲ್ಲಿ ಎರಡು ಅಂಕಪಟ್ಟಿಗಳಲ್ಲಿ ಅವರೇ ಮುಂದಿದ್ದರು. 13ನೇ ಸುತ್ತಿನಲ್ಲಿ ಲೂಯಿಸ್‌ರನ್ನೇ ನಾಕೌಟ್ ಮಾಡಹೊರಟು, ಸುತ್ತು ಮುಗಿಯಲು 2 ಸೆಕೆಂಡ್ ಇರುವಾಗ ತಾವೇ ಬಿದ್ದರು. "ಐರಿಷ್ ಆಗಿ ಹುಟ್ಟಿ ದಡ್ಡನಾಗದಿದ್ದರೆ ಏನು ಬಂತು" ಎಂದು ಆಮೇಲೆ ನಕ್ಕರಂತೆ. ಅಂಕದಲ್ಲಿ ಮುಂದಿರುವಾಗ ಎರಡು ಗುದ್ದು ಹಾಕಿ ಪಕ್ಕಕ್ಕೆ ಸರಿಯಿರಿ. ಮೂರನೆಯದಕ್ಕೆ ಅಲ್ಲೇ ನಿಂತರೆ ಎದುರಾಳಿಯ ಬಲಗೈಗೆ ಸಿಗುತ್ತೀರಿ.