ಓದುಗರ ಪ್ರಶ್ನೆ: ಹೆಸರಿನ ಜಗಳ, ಪಾಂಡಾದ ಕರಾರು

ಪ್ರಶ್ನೆ: ಹೆಸರಿಗೆ ‘ಉತ್ತರ’ ಸೇರಿಸಿಕೊಂಡ ಮೇಲಷ್ಟೇ ಮ್ಯಾಸಿಡೋನಿಯಾವನ್ನು ನ್ಯಾಟೋಗೆ ಸೇರಿಸಿಕೊಂಡರಂತೆ. ಆ ಹೆಸರಿನಿಂದ ಗ್ರೀಸ್‌ಗೆ ಆಗುತ್ತಿದ್ದ ತೊಂದರೆಯಾದರೂ ಏನು?

ಉತ್ತರ: ಗ್ರೀಸ್‌ನ ಉತ್ತರದ ಸೀಮೆಗೂ ಮ್ಯಾಸಿಡೋನಿಯಾ ಎಂದೇ ಹೆಸರು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ದೇಶ ಅದೇ ಹೆಸರಿಟ್ಟುಕೊಂಡಾಗ, ಇವರು ನಾಳೆ ನೆಲವನ್ನೂ ಕೇಳಿಯಾರು ಎಂದು ಗ್ರೀಕರು ಹೆದರಿದರು. ಪ್ರಾಚೀನ ಮ್ಯಾಸಿಡೋನಿಯಾದ ರಾಜ ಅಲೆಕ್ಸಾಂಡರ್ ಯಾರವನು ಎಂಬ ತಕರಾರು ಬೇರೆ. ಹೊಸ ಬಾವುಟದ 16 ಕಿರಣಗಳ ನಕ್ಷತ್ರವೋ, ಗ್ರೀಸ್‌ನ ವೆರ್ಗಿನಾದ ರಾಜಸಮಾಧಿಯಲ್ಲಿ ಸಿಕ್ಕಿದ್ದು! 1994ರಲ್ಲಿ ಗ್ರೀಸ್ ವ್ಯಾಪಾರ ನಿರ್ಬಂಧ ಹೇರಿತು. ಮರುವರ್ಷ ಬಾವುಟ ಬದಲಾಯಿತು, ಹೆಸರು ಬದಲಾಗಲಿಲ್ಲ.

2008ರಲ್ಲಿ ನ್ಯಾಟೋ ಆಹ್ವಾನಕ್ಕೆ ಗ್ರೀಸ್ ಅಡ್ಡಗಾಲು ಹಾಕಿತು. ಅದು ತಪ್ಪೆಂದು 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದರೂ ಪ್ರಯೋಜನವಾಗಲಿಲ್ಲ. ನ್ಯಾಟೋದಲ್ಲಿ ಎಲ್ಲ ಸದಸ್ಯರೂ ಒಪ್ಪಲೇಬೇಕು. ಅದೇ ವರ್ಷ ರಾಜಧಾನಿ ಸ್ಕೋಪಿಯೆಯ ಚೌಕದಲ್ಲಿ ಭಾರಿ ಪ್ರತಿಮೆಯೊಂದು ಎದ್ದಿತು. ಕಾಗದದ ಮೇಲೆ ಅದು ‘ಕುದುರೆಯೇರಿದ ಯೋಧ’, ನೋಡಿದವರಿಗೆಲ್ಲ ಅಲೆಕ್ಸಾಂಡರ್. ಸ್ವಂತ ಮತದಾರರನ್ನು ಹುರಿದುಂಬಿಸಲು ಅಲ್ಲಿನ ಸರ್ಕಾರ ಕಟ್ಟಿದ ಕಥೆ ನೆರೆಯವರ ಅನುಮಾನಕ್ಕೆ ಸಾಕ್ಷಿಯಾಗಿಬಿಟ್ಟಿತು.

ಗಂಟು ಬಿಚ್ಚಿದ್ದು ಎರಡೂ ದೇಶಗಳು 2018ರ ಜೂನ್ 17ರಂದು ಮಾಡಿಕೊಂಡ ಪ್ರೆಸ್ಪಾ ಒಪ್ಪಂದ. ‘ಉತ್ತರ ಮ್ಯಾಸಿಡೋನಿಯಾ’ ಎಂಬ ಹೊಸ ಹೆಸರು ಹೊರಗಷ್ಟೇ ಅಲ್ಲ, ದೇಶದೊಳಗೂ ನಡೆಯಬೇಕು. ಅದಕ್ಕಾಗಿ ಸಂವಿಧಾನ ತಿದ್ದಬೇಕು. ಭಾಷೆ ಮ್ಯಾಸಿಡೋನಿಯನ್ ಆಗಿಯೇ ಉಳಿಯುತ್ತದೆ, ಆದರೆ ಅದು ದಕ್ಷಿಣ ಸ್ಲಾವಿಕ್ ಗುಂಪಿನದು, ಅಂದರೆ ಪ್ರಾಚೀನ ಗ್ರೀಕರದ್ದಲ್ಲ, ಎಂದು ಬರೆದಿಡಬೇಕು. ಪಠ್ಯಪುಸ್ತಕಗಳನ್ನು ಜಂಟಿ ಸಮಿತಿ ಪರಿಶೀಲಿಸಬೇಕು. ನಮ್ಮ ಲೆಕ್ಕದಲ್ಲಿ ಹೆಸರಿಗಿಂತ ಜಾಣತನ ಇರುವುದು ಭಾಷೆಯ ಷರತ್ತಿನಲ್ಲಿ: ಇಬ್ಬರೂ ಮನೆಗೆ ಹೋಗಿ ‘ಗೆದ್ದೆವು’ ಎನ್ನಬಹುದಿತ್ತು.

ಆದರೂ ಒಪ್ಪಂದದ ಬಗ್ಗೆ ಮ್ಯಾಸಿಡೋನಿಯಾದಲ್ಲಿ ನಡೆದ ಜನಮತಗಣನೆಗೆ ಬಂದವರು ಸುಮಾರು ಶೇ 37 ಮಂದಿ ಮಾತ್ರ, ಬೇಕಿದ್ದದ್ದು ಅರ್ಧ. ಕೊನೆಗೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಮತ ಹೊಂದಿಸಬೇಕಾಯಿತು. 2020ರ ಮಾರ್ಚ್‌ನಲ್ಲಿ ನ್ಯಾಟೋ ಸದಸ್ಯತ್ವ ಸಿಕ್ಕಿತು. ಅದೇ ನವೆಂಬರ್‌ನಲ್ಲಿ ಭಾಷೆ, ಇತಿಹಾಸದ ತಕರಾರು ತೆಗೆದು ಐರೋಪ್ಯ ಒಕ್ಕೂಟದ ಮಾತುಕತೆಯನ್ನು ತಡೆದದ್ದು ಇನ್ನೊಬ್ಬ ನೆರೆಯವ, ಬಲ್ಗೇರಿಯಾ.

ಪ್ರಶ್ನೆ: ಚೀನಾ ಪಾಂಡಾಗಳನ್ನು ದಾನ ಕೊಡುತ್ತದೆಯೇ?

ಉತ್ತರ: ಈಗ ಇಲ್ಲ. 1972ರಲ್ಲಿ ನಿಕ್ಸನ್ ಭೇಟಿಯ ಬಳಿಕ ಅಮೆರಿಕಕ್ಕೆ ಹೋದ ಜೋಡಿ ಉಡುಗೊರೆಯೇ. ಈಗಿನದು ಸಾಮಾನ್ಯವಾಗಿ 10 ವರ್ಷದ ಕರಾರು, ಜೋಡಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಶುಲ್ಕ. ಅಲ್ಲಿ ಹುಟ್ಟಿದ ಮರಿಯೂ ಚೀನಾದ್ದೇ. 2023ರ ನವೆಂಬರ್‌ನಲ್ಲಿ ಕರಾರು ಮುಗಿದು ವಾಷಿಂಗ್ಟನ್‌ನ ಮೂರು ಪಾಂಡಾಗಳು ಮರಳಿದಾಗ, ಸಂಬಂಧ ಹಳಸಿದ್ದರ ಗುರುತು ಅದು ಎಂದು ಹಲವರು ಓದಿಕೊಂಡರು. ಬೀಜಿಂಗ್ ಬಾಯಿ ಬಿಡಬೇಕಾಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಹೊಸ ಜೋಡಿ ಹೋಯಿತು, ಅದೂ 10 ವರ್ಷಕ್ಕೇ.