ಪರಿಚಯದವರೇ ಇಲ್ಲದ ಗುಂಪು ನಿಮಗೆ ಬೇಡ

ಕೊಪ್ಪದ ಕಡೆಯ ಶಿಕ್ಷಕರು ನೀವು. ಕುಡಿತ ಬಿಡಲು ಸಭೆಗೆ ಹೋಗಬೇಕು, ಆದರೆ ಪರಿಚಯದವರು ಯಾರೂ ಅಲ್ಲಿರಬಾರದು. ಬೆಂಗಳೂರಿಗೆ ಹೋಗಲೇ, ಮೊಬೈಲ್‌ನಲ್ಲೇ ಸೇರಲೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡಿದ್ದೆ. ಬೇರೆ ಯಾರನ್ನೂ ಕೇಳುವ ಧೈರ್ಯವಿರಲಿಲ್ಲ, ಹಾಗಾಗಿ ಉತ್ತರವನ್ನೂ ನಾನೇ ಕೊಟ್ಟುಕೊಂಡೆ: ಮಂಗಳೂರು.

ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮದು ಸಣ್ಣ ಅಡಿಕೆ ತೋಟ. ಅಲ್ಲಿಂದ ಭಾನುವಾರ ನಸುಕಿನಲ್ಲಿ ಹೊರಟು, ಮಿನಿ ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿದು, ಉಡುಪಿಯಲ್ಲಿ ಬಸ್ಸು ಬದಲಿಸಿ ಮಂಗಳೂರು ತಲುಪುತ್ತಿದ್ದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯವಹಾರದವರೂ ಒಬ್ಬ ಶಸ್ತ್ರವೈದ್ಯರೂ, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿ ಹುಟ್ಟಿಸಿದ್ದು. ಶುಲ್ಕವಿಲ್ಲ, ಅರ್ಜಿಯಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮೊದಲ ದಿನ ನಾನು ಬಾಯಿ ಬಿಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಏಳು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಸಭೆ ಒಳ್ಳೆಯದೇ ಇತ್ತು. ಕೆಟ್ಟದ್ದು ನನ್ನ ಬುದ್ಧಿ.

ಏನು ಮಾಡಿದೆನೆಂದರೆ, ಮನೆಯಲ್ಲಿ ಹೇಳಲಿಲ್ಲ. ಹೆಂಡತಿಗೆ, ಶಿವಮೊಗ್ಗದ ಮಂಡಿಯಲ್ಲಿ ಲೆಕ್ಕ ಚುಕ್ತಾ ಮಾಡುವುದಿದೆ ಎಂದು ಹೇಳಿ ಹೊರಡುತ್ತಿದ್ದೆ. ಕುಡಿಯುವಾಗ ಕಲಿತ ಸುಳ್ಳಿನ ವಿದ್ಯೆಯನ್ನೇ ಬಿಡುವುದಕ್ಕೂ ಬಳಸಿದೆ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಎರಡು ವರ್ಷ ಹಾಳಾದದ್ದು ಇದರಿಂದಲೇ. ಅನಾನಿಮಸ್ ಎಂದರೆ ಸಭೆಯಲ್ಲಿ ಕಂಡವರ ವಿಷಯವನ್ನು ಹೊರಗೆ ಆಡುವುದಿಲ್ಲ ಎಂದರ್ಥ. ಕಟ್ಟಿಕೊಂಡವಳಿಂದಲೂ ಬಚ್ಚಿಡು ಎಂದು ನಾನು ಅರ್ಥ ಮಾಡಿಕೊಂಡೆ. ಮಂಗಳೂರಿನವರ ಬಳಿ ನನ್ನ ಫೋನ್ ನಂಬರ್ ಇರಲಿಲ್ಲ. ಕೇಳಿದ್ದರು, ಮನೆಗೆ ಕರೆ ಬಂದೀತೆಂದು ನಾನೇ ಕೊಟ್ಟಿರಲಿಲ್ಲ. ಮನೆಯವರಿಗೆ ಸಭೆಯ ಸುದ್ದಿಯೇ ಇರಲಿಲ್ಲ. ಅಂದರೆ, ನಾನು ಒಂದು ವಾರ ತಪ್ಪಿಸಿದರೆ ಏಕೆ ಹೋಗಲಿಲ್ಲ ಎಂದು ಕೇಳುವ ಒಂದು ಪ್ರಾಣಿಯೂ ಈ ಭೂಮಿಯ ಮೇಲೆ ಇರದಂತೆ, ಬಹಳ ಜಾಣತನದಿಂದ, ವ್ಯವಸ್ಥೆ ಮಾಡಿಕೊಂಡಿದ್ದೆ.

ಆಷಾಢ ಬಂತು. ಘಾಟಿಯಲ್ಲಿ ಮರ ಬಿದ್ದು ಧರೆ ಕುಸಿದು ಮೂರು ಭಾನುವಾರ ಹೋಗಲಾಗಲಿಲ್ಲ. ಯಾರೂ ಕೇಳಲಿಲ್ಲ. ನಾಲ್ಕನೆಯ ಭಾನುವಾರ ರಸ್ತೆ ತೆರೆದಿತ್ತು, ಹೊರಟೆ, ಉಡುಪಿಯಲ್ಲಿ ಬಸ್ಸು ಬದಲಿಸುವ ಹೊತ್ತಿನಲ್ಲಿ ಕುಡಿದೆ. ಮನೆಗೆ ಬಂದಾಗ ಹೆಂಡತಿ ಬೈಯಲಿಲ್ಲ. "ಭಾನುವಾರ ಮಂಡಿಗೆ ರಜೆ ಎಂದು ನನಗೆ ಗೊತ್ತಿಲ್ಲವೇ?" ಎಂದಳು, ಅಷ್ಟೇ. ಏಳು ತಿಂಗಳೂ ನಾನು ಎಲ್ಲೋ ಕುಡಿಯಲು ಹೋಗುತ್ತೇನೆಂದೇ ಅವಳು ತಿಳಿದಿದ್ದಳು. ಒಂದು ದಿನವಾದರೂ ನನ್ನನ್ನು ನಂಬಿ ಸಂತೋಷಪಡುವ ಅವಕಾಶವನ್ನು ಅವಳಿಗೆ ಕೊಟ್ಟಿರಲಿಲ್ಲ.

ಮುಂದಿನ ಎರಡು ವರ್ಷದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಆಮೇಲೆ ನಮ್ಮ ಪಕ್ಕದೂರಿನ ಸಭಾಭವನದಲ್ಲೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ, ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಬಂತು. ಎಂಟು ದಿನ ಅಲ್ಲೇ ಉಳಿಯಬೇಕು. ಸ್ವಸಹಾಯ ಸಂಘದ ಸೇವಾಪ್ರತಿನಿಧಿಗೆ ನನ್ನ ಹೆಸರು ಬರೆಸಿದ್ದು ಹೆಂಡತಿ. ನೆಂಟರು, ಸಾಲ ಕೊಟ್ಟವರು ಓಡಾಡುವ ಜಾಗ, ಮುಖ ಹೇಗೆ ತೋರಿಸಲಿ ಎಂದೆ. "ಚರಂಡಿಯಲ್ಲಿ ಬಿದ್ದಾಗ ಎತ್ತಿ ತಂದವರು ಅವರೇ ಅಲ್ಲವೇ?" ಎಂದಳು. ನಿಮಗೂ ಅದನ್ನೇ ಕೇಳುತ್ತೇನೆ, ಮೇಷ್ಟ್ರೇ. ನೀವು ಕುಡಿಯುವುದು ಊರಿಗೆ ಗೊತ್ತಿಲ್ಲವೆಂದು ನಿಮ್ಮೊಬ್ಬರಿಗೇ ಅನ್ನಿಸುತ್ತಿದೆ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಮಕ್ಕಳಿಗೂ ಮೂಗು ಇದೆ.

ಒಂದು ಎಚ್ಚರಿಕೆ. ಬೆಳಿಗ್ಗೆ ಕೈ ನಡುಗುವಷ್ಟು ಕುಡಿಯುವವರಾದರೆ ಸಭೆಗೆ ಶುದ್ಧವಾಗಿ ಹೋಗಬೇಕೆಂದು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದೊಳಗೆ ಫಿಟ್ಸ್, ಮೂರು ನಾಲ್ಕನೆಯ ದಿನಕ್ಕೆ ಭ್ರಮೆ, ಕೆಲವರಿಗೆ ಜೀವಕ್ಕೇ ಅಪಾಯ. ಮಂಗಳೂರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಹೀಗೆಯೇ ಬಿದ್ದು ಹಲ್ಲು ಮುರಿದುಕೊಂಡಿದ್ದರು. ಮೊದಲು ವೈದ್ಯರನ್ನು ನೋಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಹತ್ತಿರದಲ್ಲಿ ಯಾವ ಗುಂಪು ಸೇರುತ್ತದೆ ಎಂದೂ ಅಲ್ಲೇ ವಿಚಾರಿಸಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ನಿಮ್ಮ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟವೂ ಇದೆ.

ಇನ್ನು ಮೊಬೈಲ್ ಸಭೆ. ಮಳೆಗಾಲದಲ್ಲಿ ನಾನೂ ಸೇರುತ್ತೇನೆ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಕ್ಯಾಮೆರಾ ಮುಚ್ಚಿ ಗ್ಲಾಸು ಹಿಡಿದು ಕೂರಬಹುದು. ಒಬ್ಬನನ್ನು ಹಾಗೆ ಬಲ್ಲೆ, ಯಾರೆಂದು ಹೇಳುವುದಿಲ್ಲ.

ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಇರುತ್ತದೆ. ನಮ್ಮದಕ್ಕೆ ಮೊದಲ ಸಲ ಹೋದಾಗ ಎದುರಿಗೆ ಕೂತಿದ್ದವನು ನನ್ನದೇ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವನೋ, ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿ, "ಬನ್ನಿ ಗೌಡರೇ, ನಿಮ್ಮದೇ ದಾರಿ ಕಾಯುತ್ತಿದ್ದೆವು" ಎಂದ.

ಕಳೆದ ಸುಗ್ಗಿಯಲ್ಲಿ ಅಡಿಕೆ ಸುಲಿತದ ಗಡಿಬಿಡಿಯಲ್ಲಿ ಒಂದು ಸಭೆ ತಪ್ಪಿಸಿದೆ. ಮರುದಿನ ರಾತ್ರಿ ಎಂಟಕ್ಕೆ ಟಾರ್ಚು ಹಿಡಿದು ಅವನು ಅಂಗಳಕ್ಕೆ ಬಂದ. ಏನೋ ಕತ್ತಿ ಮರೆತಿದ್ದೆ ಎಂದ. ಜಗಲಿಯಲ್ಲಿ ನನಗೆ ತೀರಾ ಹತ್ತಿರ ಕೂತು ಎರಡು ಮಾತಾಡಿ, ಕಾಫಿ ಕುಡಿದು ಎದ್ದ. ಕತ್ತಿಯ ಸುದ್ದಿ ಮತ್ತೆ ಎತ್ತಲಿಲ್ಲ. ಬಂದದ್ದು ನನ್ನ ಬಾಯಿಯ ವಾಸನೆ ನೋಡಲು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು, ಒಳಗಿದ್ದ ಇವಳಿಗೂ.