ಐದು ದಿನದ ಎಲ್ಕ್ ಬೇಟೆಗೆ ಎಷ್ಟು ಲೀಟರ್ ಬ್ಯಾಗ್ ಬೇಕು?

ನೀವು ಕೇಳಿದ್ದು ಇಷ್ಟು. ಸೆಪ್ಟೆಂಬರ್‌ನಲ್ಲಿ ಆಫೀಸಿನ ಗೆಳೆಯರೊಬ್ಬರ ಜೊತೆ ಕೊಲರಾಡೋದ ಫ್ಲಾಟ್ ಟಾಪ್ಸ್ ಕಾಡಿಗೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಐದು ದಿನದ ಬಿಲ್ಲು ಬೇಟೆಗೆ ಹೋಗುತ್ತಿದ್ದೀರಿ. ಗಾಡಿ ನಿಲ್ಲಿಸುವ ಜಾಗದಿಂದ 8 ಕಿಲೋಮೀಟರ್ ಒಳಗೆ ಕ್ಯಾಂಪ್. ಕುಮಾರ ಪರ್ವತ, ಕುದುರೆಮುಖ ಹತ್ತಿದ 65 ಲೀಟರ್‌ನ ಟ್ರೆಕ್ಕಿಂಗ್ ಬ್ಯಾಗ್ ನಿಮ್ಮ ಹತ್ತಿರ ಇದೆ. ಅಂಗಡಿಯವರು 110 ಲೀಟರ್‌ದು ತಗೊಳ್ಳಿ ಅಂದಿದ್ದಾರೆ. ಯಾವುದು ಸರಿ?

ನಾನು ಡೆನ್ವರ್ ಕಡೆ ಇರುವವನು. ಈ ಬೆಟ್ಟಗಳಲ್ಲಿ ವರ್ಷಾ ವರ್ಷ ಬೇಟೆಗೆ ಹೋಗುತ್ತೇನೆ. ನನ್ನ ಉತ್ತರ: ಸುಮಾರು 75ರಿಂದ 80 ಲೀಟರ್‌ನ ಬ್ಯಾಗ್. ಆದರೆ ಅದು ಮಾಂಸ ಹೊರಲೆಂದೇ ಮಾಡಿದ ಬೇಟೆ ಫ್ರೇಮಿನ, ಅಂದರೆ ಬೆನ್ನಿಗೆ ಕೂರುವ ಗಟ್ಟಿ ಚೌಕಟ್ಟಿನ ಮೇಲೆ ಕೂತಿರಬೇಕು. ಲೀಟರ್‌ಗಿಂತ ಆ ಫ್ರೇಮ್ ಮುಖ್ಯ.

ಯಾಕೆ ಅಂದರೆ, ಟ್ರೆಕ್ಕಿಂಗ್‌ನಲ್ಲಿ ದಿನ ಕಳೆದಂತೆ ಹೊರೆ ಇಳಿಯುತ್ತದೆ. ಊಟ ಖಾಲಿಯಾಗುತ್ತದೆ, ಕೊನೆಯ ದಿನ ಬ್ಯಾಗ್ ಹಗುರ. ಬೇಟೆಯಲ್ಲಿ ತದ್ವಿರುದ್ಧ. ಬೇಟೆ ಸಿಕ್ಕಿತು ಅಂದರೆ ಕಾಲು ಸೋತಿರುವ ದಿನವೇ ಹೊರೆ ಎರಡರಷ್ಟಾಗುತ್ತದೆ. ಬ್ಯಾಗ್ ಆರಿಸಬೇಕಾದದ್ದು ಆ ಒಂದು ದಿನವನ್ನು ನೋಡಿ. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಬಹುಮಟ್ಟಿಗೆ ನಿಂತು ಹೋಯಿತು. ಒಳ್ಳೆಯದೇ ಆಯಿತು. ಆದರೆ ಇದನ್ನೆಲ್ಲ ಹೇಳಿಕೊಡುವ ಹಿರಿಯರು ಮನೆಯಲ್ಲಿ ಇಲ್ಲ, ಹಾಗಾಗಿ ನಾವೆಲ್ಲ ಟ್ರೆಕ್ಕಿಂಗ್ ಲೆಕ್ಕದಲ್ಲೇ ಯೋಚಿಸುತ್ತೇವೆ.

ಈಗ ತೂಕ ನೋಡಿ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ಪ್ರಾಣಿ, ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತದೆ. ಮೂಳೆಯೆಲ್ಲ ಬಿಡಿಸಿದ ಮೇಲೂ 75ರಿಂದ 100 ಕಿಲೋ ಮಾಂಸ ಉಳಿಯುತ್ತದೆ. ಹೆಣ್ಣಾದರೆ ಸ್ವಲ್ಪ ಕಮ್ಮಿ. ತಿನ್ನುವಂಥ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ. ನಾಲ್ಕೂ ಕಾಲಿನ ಮಾಂಸ, ಬೆನ್ನಿನ ಉದ್ದದ ಪಟ್ಟಿ, ಒಳಗಿನ ಮೆದು ಮಾಂಸ ಎಲ್ಲವೂ ಹೊರಗೆ ಬರಲೇಬೇಕು. ಕಾನೂನು ಇಲ್ಲದಿದ್ದರೂ ಹಾಗೇ ಮಾಡಬೇಕು ಅನ್ನುವವನು ನಾನು. ಒಂದು ಜೀವ ತೆಗೆದ ಮೇಲೆ ಅದನ್ನು ಪೂರ್ತಿ ಮನೆಗೆ ತರುವುದು ನಮ್ಮ ಜವಾಬ್ದಾರಿ. ತರಲು ಆಗುವುದಿಲ್ಲ ಅನ್ನಿಸಿದರೆ ಬಾಣ ಬಿಡಬಾರದು.

ಫ್ಲಾಟ್ ಟಾಪ್ಸ್‌ನ ಬಹುಪಾಲು ವೈಲ್ಡರ್ನೆಸ್ ಪ್ರದೇಶ, ಅಂದರೆ ಕಾಡನ್ನು ಇದ್ದ ಹಾಗೇ ಬಿಡಬೇಕೆಂದು ಕಾನೂನು ಕಾಯುವ ಜಾಗ. 1964ರ ವೈಲ್ಡರ್ನೆಸ್ ಕಾಯ್ದೆಯ ಪ್ರಕಾರ ಅಲ್ಲಿ ಮೋಟಾರು ಗಾಡಿ ನಡೆಯುವುದಿಲ್ಲ. ಎರಡು ಚಕ್ರದ ಕೈಗಾಡಿಗೂ ಅವಕಾಶವಿಲ್ಲ. ಕುದುರೆ ಇಟ್ಟುಕೊಂಡಿದ್ದರೆ ಬೇರೆ ಮಾತು. ಇಲ್ಲದಿದ್ದರೆ ನಿಮ್ಮ ಬೆನ್ನು, ನಿಮ್ಮ ಗೆಳೆಯರ ಬೆನ್ನು, ಅಷ್ಟೇ.

90 ಕಿಲೋ ಮಾಂಸ ಅಂದುಕೊಳ್ಳಿ. ಒಬ್ಬರು ಒಂದು ಸಲಕ್ಕೆ 30 ಕಿಲೋ ಹೊತ್ತರೆ ಮೂರು ಹೊರೆ. ನಾಲ್ಕನೆಯದು ಟೆಂಟು, ಸಾಮಾನು, ಕೊಂಬು. ಇಬ್ಬರಿಗೆ ಎರಡೆರಡು ಸುತ್ತು. ಹೊರೆ ಹೊತ್ತು 8 ಕಿಲೋಮೀಟರ್, ಖಾಲಿ ಬ್ಯಾಗಿನಲ್ಲಿ ವಾಪಸ್ 8, ಮತ್ತೆ ಹೊರೆ ಹೊತ್ತು 8. ಒಟ್ಟು 24 ಕಿಲೋಮೀಟರ್, ಅದೂ ಸಮುದ್ರ ಮಟ್ಟದಿಂದ ಸುಮಾರು 10,000 ಅಡಿ ಎತ್ತರದಲ್ಲಿ. ಪ್ರಾಣಿ ಬಿದ್ದದ್ದು ಕ್ಯಾಂಪಿನಿಂದ ಇನ್ನೂ ಆಚೆಗಾದರೆ ಅದೂ ಸೇರುತ್ತದೆ. ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನ ಬಿಸಿಲು ಚುರುಕಾಗೇ ಇರುತ್ತದೆ, ಮಾಂಸ ಕೆಡಲು ಜಾಸ್ತಿ ಹೊತ್ತು ಬೇಡ. ಮೊದಲ ಸಲ ಹೋಗುತ್ತಿದ್ದರೆ 8ರ ಬದಲು 4–5 ಕಿಲೋಮೀಟರ್‌ನಲ್ಲೇ ಕ್ಯಾಂಪ್ ಹಾಕಿ. ನೀವು ಇದನ್ನು ಕೇಳಿರಲಿಲ್ಲ, ಆದರೂ ಹೇಳಲೇಬೇಕು ಅನ್ನಿಸಿತು.

ಈಗ ನಿಮ್ಮ 65 ಲೀಟರ್ ಬ್ಯಾಗಿಗೆ ಬರೋಣ. ನಿಜ ಹೇಳಬೇಕೆಂದರೆ ನಿಮ್ಮ ಸಾಮಾನು ಅದರಲ್ಲಿ ಹೇಗೋ ಹಿಡಿಯುತ್ತದೆ. ತೊಂದರೆ ಬರುವುದು ಮಾಂಸ ಇಟ್ಟಾಗ. ಸಾಮಾನ್ಯ ಟ್ರೆಕ್ಕಿಂಗ್ ಬ್ಯಾಗಿನ ಒಳಗಿನ ಪಟ್ಟಿಗಳು 15–20 ಕಿಲೋ ಹೊರಲು ಮಾಡಿದವು. 35 ಕಿಲೋ ಹಾಕಿದರೆ ಬೆನ್ನಿನ ಭಾಗ ಕುಸಿದು ಗೂನಾಗುತ್ತದೆ. ಸೊಂಟದ ಬೆಲ್ಟ್ ಜಾರುತ್ತದೆ. ಆಗ ಭಾರವೆಲ್ಲ ಹೆಗಲಿಗೆ ಬರುತ್ತದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೈ ಜೋಮು ಹಿಡಿಯಲು ಶುರುವಾಗುತ್ತದೆ.

ಬೇಟೆ ಬ್ಯಾಗಿನಲ್ಲಿ ಫ್ರೇಮ್ ಬೇರೆ, ಚೀಲ ಬೇರೆ. ಎರಡರ ನಡುವಿನ ಬಕಲ್ ಬಿಚ್ಚಿದರೆ ಚೀಲ ಹಿಂದಕ್ಕೆ ಸರಿದು ನಡುವೆ ಒಂದು ಜಾಗ ತೆರೆದುಕೊಳ್ಳುತ್ತದೆ. ಅದಕ್ಕೆ ಲೋಡ್ ಶೆಲ್ಫ್ ಅನ್ನುತ್ತಾರೆ. ಮಾಂಸ ತುಂಬಿದ ಬಟ್ಟೆ ಚೀಲವನ್ನು ಅಲ್ಲಿ, ಫ್ರೇಮಿಗೆ ಒತ್ತಿಕೊಂಡ ಹಾಗೆ ಇಡುತ್ತೀರಿ. ಮೇಲಿಂದ ನಿಮ್ಮ ಚೀಲವನ್ನು ಎಳೆದು ಬಿಗಿಯುತ್ತೀರಿ. ಸ್ಲೀಪಿಂಗ್ ಬ್ಯಾಗಿಗೆ ರಕ್ತ ತಾಗುವುದಿಲ್ಲ, ಭಾರ ಬೆನ್ನಿಗೆ ಹತ್ತಿರ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಾಂಸ ಭುಜದ ಎಲುಬುಗಳ ನಡುವಿನ ಮಟ್ಟದಲ್ಲಿ ಕೂರಬೇಕು. ಮೂಳೆ ಬಿಡಿಸಿದ ಮಾಂಸ ಮೆತ್ತಗೆ ಜೋತು ಬೀಳುತ್ತದೆ. ಸುಮ್ನೆ ತುರುಕಿದರೆ ಅದು ಇಳಿದಿಳಿದು ಸೊಂಟದ ಹಿಂದೆ ಗುಡ್ಡೆಯಾಗುತ್ತದೆ. ಆಗ ಪ್ರತಿ ಹೆಜ್ಜೆಗೂ ಹಿಂದಕ್ಕೆ ಎಳೆಯುತ್ತದೆ, ಇಳಿಜಾರಿನಲ್ಲಿ ಜೋಲಿ ತಪ್ಪುತ್ತದೆ. ಅದಕ್ಕೇ ನಾನು ಕೆಳಗಡೆ ಟೆಂಟ್ ಬಟ್ಟೆಯನ್ನೋ ಮಡಚಿದ ರೇನ್ ಕೋಟನ್ನೋ ಇಟ್ಟು, ಅದರ ಮೇಲೆ ಮಾಂಸ ಇಟ್ಟು, ಅಡ್ಡ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತಾ ಬರುತ್ತೇನೆ. ಮೇಲಿನಿಂದ ಶುರು ಮಾಡಿದರೆ ಮಾಂಸ ಕೆಳಕ್ಕೆ ತಳ್ಳಿಕೊಂಡು ಹೋಗುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಹೊಳೆಯುವುದಿಲ್ಲ. ಮಾಂಸ ಹೆಚ್ಚುಕಮ್ಮಿ ನೀರಿನಷ್ಟೇ ಸಾಂದ್ರ. 30 ಕಿಲೋ ಮಾಂಸಕ್ಕೆ ಬೇಕಾದ ಜಾಗ 30 ಲೀಟರ್‌ಗಿಂತ ಜಾಸ್ತಿ ಇಲ್ಲ. ಆ 30 ಲೀಟರ್ ಚೀಲದ ಹೊರಗೆ, ಶೆಲ್ಫ್‌ನಲ್ಲೇ ಸಿಗುತ್ತದೆ. ಹಾಗಾಗಿ ಮಾಂಸಕ್ಕೆ ಅಂತ 110 ಲೀಟರ್ ಚೀಲ ತಗೊಳ್ಳುವ ಅಗತ್ಯ ಇಲ್ಲ. ಚೀಲದ ಲೀಟರ್ ತೀರ್ಮಾನ ಆಗಬೇಕಾದದ್ದು ನಿಮ್ಮ ಕ್ಯಾಂಪ್ ಸಾಮಾನಿನಿಂದ ಮಾತ್ರ.

ಅದನ್ನು ಅಳೆಯುವುದು ಸುಲಭ. ಒಂದು ರಟ್ಟಿನ ಡಬ್ಬ ತಗೊಳ್ಳಿ. 30 ಸೆಂಟಿಮೀಟರ್ ಅಗಲ, 40 ಉದ್ದ, 50 ಎತ್ತರ ಇದ್ದರೆ 60 ಲೀಟರ್. ನಿಮ್ಮ ಸಾಮಾನನ್ನೆಲ್ಲ ಅದರಲ್ಲಿ, ಬ್ಯಾಗಿನಲ್ಲಿ ತುಂಬುವ ಹಾಗೇ ಒತ್ತಿ ತುಂಬಿ. ಎಲ್ಲಿವರೆಗೆ ಬಂತು ಅಂತ ಗೆರೆ ಎಳೆಯಿರಿ. ನನ್ನ ಸೆಪ್ಟೆಂಬರ್ ಸಾಮಾನಿನಲ್ಲಿ ಜಾಸ್ತಿ ಜಾಗ ತಿನ್ನುವುದು ಎರಡು. ಸ್ಲೀಪಿಂಗ್ ಬ್ಯಾಗ್ ಸುಮಾರು 10 ಲೀಟರ್. ಐದು ದಿನದ ಊಟ 12 ಲೀಟರ್. ಗಾಳಿ ತುಂಬುವ ಹಾಸಿಗೆ, ಟೆಂಟಿನ ಅರ್ಧ ಪಾಲು, ಸ್ಟೌ, ಪಾತ್ರೆ ಸೇರಿ 8. ಪಫಿ ಜಾಕೆಟ್, ಮಳೆ ಬಟ್ಟೆ, ಕಾಲುಚೀಲ, ಒಳ ಉಡುಪು ಸೇರಿ 10. ನೀರು 3. ಚಾಕು, ಕೈಗವಸು, ಹಗ್ಗ, ಮಾಂಸದ ಬಟ್ಟೆ ಚೀಲಗಳು 3. ದೂರದರ್ಶಕ, ಟ್ರೈಪಾಡ್ 4. ತಲೆದೀಪ, ಔಷಧಿ ಇತ್ಯಾದಿ 2. ಒಟ್ಟು 52. ಡಬ್ಬದಲ್ಲಿ ಹಿಡಿದಷ್ಟು ನೀಟಾಗಿ ಬ್ಯಾಗಿನಲ್ಲಿ ಹಿಡಿಯುವುದಿಲ್ಲ, ಚಳಿಗೆ ಕೈ ಮರಗಟ್ಟಿದಾಗ ಅಂತೂ ಇಲ್ಲವೇ ಇಲ್ಲ. ಇನ್ನೊಂದು 15–20 ಲೀಟರ್ ಸೇರಿಸಿ. ಕರಡಿ ಮುಟ್ಟದ ಗಟ್ಟಿ ಡಬ್ಬ ಒಯ್ಯುವುದಾದರೆ ಇನ್ನೂ ಸ್ವಲ್ಪ. ಬೇರ್‌ವಾಲ್ಟ್‌ನ ದೊಡ್ಡ ಡಬ್ಬ ಹನ್ನೊಂದೂವರೆ ಲೀಟರ್, ಅದು ಊಟ ಖಾಲಿಯಾದರೂ ಕುಗ್ಗುವುದಿಲ್ಲ. ಹೀಗೆ 75–80 ಅನ್ನುವ ಅಂಕಿ ಬಂತು.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಗೊಜ್ಜವಲಕ್ಕಿ ಪುಡಿ ಕಲಸಿದ ತೆಳು ಅವಲಕ್ಕಿ, ಚಟ್ನಿಪುಡಿ, ಹುರಿದ ಕಡಲೆಬೀಜ. ಚಿಕ್ಕ ಜಿಪ್ ಕವರ್‌ಗಳಲ್ಲಿ ಗಾಳಿ ತೆಗೆದು ಇಟ್ಟರೆ ಅಂಗಡಿಯ ಉಬ್ಬಿದ ರೆಡಿ ಊಟದ ಪ್ಯಾಕೆಟ್‌ಗಳಿಗಿಂತ ಕಮ್ಮಿ ಜಾಗ ಸಾಕು. ಸ್ಟೌ ಹಚ್ಚದೆಯೂ ತಿನ್ನಬಹುದು.

ಅಕ್ಟೋಬರ್ ಕೊನೆ, ನವೆಂಬರ್‌ನ ಬಂದೂಕು ಸೀಸನ್‌ಗೆ ಹೋಗುವವರು ನನ್ನ ಅಂಕಿ ನಂಬಬೇಡಿ. ಹಿಮ, ದಪ್ಪ ಸ್ಲೀಪಿಂಗ್ ಬ್ಯಾಗ್, ಒಲೆ ಇಡುವ ಟೆಂಟ್ ಎಲ್ಲ ಸೇರಿದರೆ 95–100 ಲೀಟರ್ ಬೇಕೇ ಬೇಕು.

ಹಾಗಾದರೆ ಅಂಗಡಿಯವರು ಹೇಳಿದ 110 ತಪ್ಪಾ? ಅದೇ ಫ್ರೇಮಿನ ಮೇಲೆ 80ರ ಚೀಲಕ್ಕೂ 110ರ ಚೀಲಕ್ಕೂ ತೂಕದ ವ್ಯತ್ಯಾಸ ಕೆಲವು ನೂರು ಗ್ರಾಂ ಅಷ್ಟೇ. ತೂಕದ ಲೆಕ್ಕದಲ್ಲಿ ದೊಡ್ಡ ತಪ್ಪಲ್ಲ. ಆದರೆ ನೀವು ಕ್ಯಾಂಪ್ ಹಾಕಿ, ಬೆಳಿಗ್ಗೆ ಅದೇ ಬ್ಯಾಗ್ ಖಾಲಿ ಮಾಡಿಕೊಂಡು ಬೇಟೆಗೆ ಹೊರಡುತ್ತೀರಿ. ಆಗ ಒಳಗೆ 15 ಲೀಟರ್ ಸಾಮಾನೂ ಇರುವುದಿಲ್ಲ. ದೊಡ್ಡ ಚೀಲವನ್ನು ಎಷ್ಟೇ ಬಿಗಿದರೂ ಸಡಿಲ ಬಟ್ಟೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಸರಸರ ಸದ್ದು ಮಾಡುತ್ತದೆ. ಬಿಲ್ಲು ಬೇಟೆಯಲ್ಲಿ ಎಲ್ಕ್‌ನಿಂದ 30–40 ಗಜದ ಒಳಗೆ ಹೋಗಬೇಕು. ಅಲ್ಲಿ ಆ ಸದ್ದು ಸಾಕು, ಇಡೀ ಹಿಂಡು ಎದ್ದು ಓಡುತ್ತದೆ. ಕೊಳ್ಳುವ ಮೊದಲು ಖಾಲಿ ಬ್ಯಾಗನ್ನು ಪೂರ್ತಿ ಬಿಗಿದು ಹೆಗಲಿಗೆ ಹಾಕಿ ನೋಡಿ. ಬಿಲ್ಲು ಎಳೆಯುವ ಹಾಗೆ ಕೈ ಎತ್ತಿ. ಫ್ರೇಮಿನ ತುದಿ ತಲೆಗೋ ಮೊಣಕೈಗೋ ತಾಗಬಾರದು.

ಅಂಗಡಿಯಲ್ಲಿ ಅಂಕಿ ನೋಡಿ ಗಲಿಬಿಲಿಯಾಗಬೇಡಿ. ಅಮೆರಿಕದ ಬೇಟೆ ಬ್ಯಾಗುಗಳ ಹೆಸರಲ್ಲಿ ಇರುವುದು ಘನ ಇಂಚು. ಸ್ಟೋನ್ ಗ್ಲೇಸಿಯರ್‌ನ ಸ್ಕೈ 5900, ಎಕ್ಸೋದ ಕೆ4 5000, ಹೀಗೆ. 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 5000 ಅಂದರೆ ಸುಮಾರು 82, 5900 ಅಂದರೆ ಸುಮಾರು 97. ನಿಮಗೆ ಬೇಕಾದದ್ದು 4500ರಿಂದ 5000ದ ಆಸುಪಾಸು. ಮಿಸ್ಟರಿ ರಾಂಚ್, ಕಿಫಾರು, ಸೀಕ್ ಔಟ್‌ಸೈಡ್ ಕೂಡ ಒಳ್ಳೆಯವೇ. ಯಾವುದೇ ಆದರೂ ಹೊಸದು ದುಬಾರಿಯೇ. ಒಂದೆರಡು ಸೀಸನ್ ಬಳಸಿದ ಫ್ರೇಮ್ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಇವು ಬೇಗ ಹಾಳಾಗುವ ವಸ್ತುಗಳಲ್ಲ.

ಅಳತೆ ಮಾತ್ರ ನಿಮ್ಮದೇ ಆಗಿರಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಸಿ. ಅದು ನಿಮ್ಮ ಬೆನ್ನಿನ ಉದ್ದ. ಒಟ್ಟು ಎತ್ತರ ನೋಡಿ ಕೊಳ್ಳಬೇಡಿ. ಐದೂವರೆ ಅಡಿಯವರಿಗೂ ಬೆನ್ನು ಉದ್ದ ಇರಬಹುದು. ಹೆಗಲ ಪಟ್ಟಿಯ ಮೇಲಿಂದ ಫ್ರೇಮಿಗೆ ಹೋಗುವ ಚಿಕ್ಕ ಪಟ್ಟಿ ಇದೆಯಲ್ಲ, ಲೋಡ್ ಲಿಫ್ಟರ್, ಅದು ಹೆಗಲಿನಿಂದ ಮೇಲಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಏರಬೇಕು. ಮಟ್ಟಸವಾಗಿ ಇದ್ದರೆ ಫ್ರೇಮ್ ನಿಮಗೆ ಗಿಡ್ಡ, ಭಾರ ಹೆಗಲಿನಿಂದ ಏಳುವುದಿಲ್ಲ. ಬೆಲ್ಟ್‌ನ ನಡುಭಾಗ ಸೊಂಟದ ಮೂಳೆಯ ಮೇಲೇ ಕೂರಬೇಕು, ಹೊಟ್ಟೆಯ ಮೇಲಲ್ಲ. ಪ್ಯಾಂಟಿನ ಸೈಜ್ ನೋಡಿ ಬೆಲ್ಟ್ ಆರಿಸಬೇಡಿ.

ಮನೆಗೆ ತಂದ ಮೇಲೆ ಇಂಡಿಯನ್ ಸ್ಟೋರ್‌ನಿಂದ 20 ಪೌಂಡಿನ ಸೋನಾ ಮಸೂರಿ ಚೀಲ ಮೂರು ತನ್ನಿ. ಸೇರಿ 27 ಕಿಲೋ. ಅಕ್ಕಿ ಮಾಂಸದ ಹಾಗೇ ಜಾರುತ್ತದೆ, ಜೋತು ಬೀಳುತ್ತದೆ, ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮೂರನ್ನೂ ಶೆಲ್ಫ್‌ನಲ್ಲಿ ಕಟ್ಟಿ, ಮೇಲೆ ಚೀಲ ಬಿಗಿದು, ಒಂದು ಗಂಟೆ ಏರು ಇಳಿಜಾರು ಇರುವ ದಾರಿಯಲ್ಲಿ ನಡೆಯಿರಿ. ಬಂದ ಮೇಲೆ ಅಂಗಿ ತೆಗೆದು ನೋಡಿ. ಸೊಂಟದ ಎರಡೂ ಬದಿ ಸಮನಾಗಿ ಕೆಂಪಾಗಿದ್ದರೆ ಅಳತೆ ಸರಿ ಇದೆ. ಹೆಗಲು ಕೆಂಪಾಗಿ ಸೊಂಟಕ್ಕೆ ಏನೂ ಆಗಿಲ್ಲದಿದ್ದರೆ ಬೆಲ್ಟ್ ಅಥವಾ ಫ್ರೇಮ್ ನಿಮ್ಮದಲ್ಲ.

ಇನ್ನೆರಡು ಚಿಕ್ಕ ವಿಷಯ. ಮೂಳೆ ಬಿಡಿಸುವಾಗ ಪ್ರಾಣಿ ಗಂಡೋ ಹೆಣ್ಣೋ ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಕೊಲರಾಡೋ ನಿಯಮ ಅದು. ಮತ್ತೆ ಸೆಪ್ಟೆಂಬರ್ ಮಧ್ಯದಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನವರೂ ಕಾಡಿನಲ್ಲಿರುತ್ತಾರೆ. ಕೊಂಬು ಹೊತ್ತು ಬರುವಾಗ ಅದಕ್ಕೂ ಬ್ಯಾಗಿಗೂ ಕಡು ಕಿತ್ತಳೆ ಬಟ್ಟೆ ಸುತ್ತಿ. ಪೊದೆಯ ಮೇಲೆ ಬರೀ ಕೊಂಬು ಓಡಾಡುವುದು ಯಾರಿಗೂ ಕಾಣಬಾರದು.

ಅಕ್ಕಿ ಪರೀಕ್ಷೆಯನ್ನು ಜುಲೈನಲ್ಲೇ ಮಾಡಿ. ಬೆಲ್ಟ್ ಬದಲಿಸಬೇಕಾದರೆ ಪಾರ್ಸೆಲ್ ಹೋಗಿ ಬರಲು ಸಮಯ ಇರುತ್ತದೆ. ಅಲ್ಲಿವರೆಗೆ ಬ್ಯಾಗಿನ ಲೇಬಲ್ ಕತ್ತರಿಸಬೇಡಿ. ನಿಮ್ಮ ಬೆನ್ನಿನ ಉದ್ದ ಎಷ್ಟು ಬಂತು ಅಂತ ಇಲ್ಲಿ ಬರೆದರೆ ಯಾವ ಎತ್ತರದ ಫ್ರೇಮ್ ನೋಡಬೇಕು ಅಂತ ಹೇಳುತ್ತೇನೆ.